ಹಸುವಿನ ನಾಲ್ಕನೇ ಕಾಲು

ಹಸುವಿಗೆ ನಾಲ್ಕು ಕಾಲು ಅಂತ ಒಂದನೇ ಕ್ಲಾಸಿನಲ್ಲೇ ಬರೆದವರು ನಾವು. ಆಯಿಲ್ ಪೇಂಟ್ ಹಿಡಿದು ಬಯಲಲ್ಲಿ ಕೂತಾಗಲೇ ಗೊತ್ತಾಗುವುದು, ಮೂರು ಕಾಲು ಹೇಗೋ ಬಂದುಬಿಡುತ್ತವೆ, ನಾಲ್ಕನೆಯದನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ ಅಂತ. ಮೇಯುವ ಹಸು ಎಲ್ಲಿ ನಿಲ್ಲುತ್ತದೆ? ಒಂದು ಬಾಯಿ ಹುಲ್ಲು, ಒಂದು ಹೆಜ್ಜೆ. ಮೇಲ್ದವಡೆಯ ಮುಂದುಗಡೆ ಅದಕ್ಕೆ ಹಲ್ಲೇ ಇಲ್ಲ, ಹಾಗಾಗಿ ನಾಲಿಗೆಯಲ್ಲಿ ಹುಲ್ಲನ್ನು ಸುತ್ತಿ ತಲೆ ಜಗ್ಗಿ ಕೀಳುತ್ತದೆ. ಜಗ್ಗಿದಾಗೆಲ್ಲ ಭುಜ ಅಲುಗುತ್ತದೆ, ಗಂಗೆದೊಗಲು ತೂಗುತ್ತದೆ, ನಾನು ಬಣ್ಣ ಕಲಸಿ ತಲೆ ಎತ್ತುವಷ್ಟರಲ್ಲಿ ಅದು ಬಾಲ ತೋರಿಸಿಕೊಂಡು ನಿಂತಿರುತ್ತದೆ.

ಹಾಗಾಗಿ ಒಂದೇ ಹಸುವನ್ನು ನೆಚ್ಚಿಕೊಳ್ಳುವುದು ಬಿಟ್ಟಿದ್ದೇನೆ. ತಲೆ ಇದರದ್ದು, ಬೆನ್ನು ಅದರದ್ದು, ಕಾಲು ಇನ್ಯಾವುದರದ್ದೋ. ಮೋಸ ಅಲ್ವಾ ಅನ್ನಿಸಿದಾಗ ಡಚ್ ಚಿತ್ರಕಾರ ಪೌಲುಸ್ ಪಾಟರ್‌ನನ್ನು ನೆನೆಯುತ್ತೇನೆ. 1647ರಲ್ಲಿ, ಬರೀ 22ರ ಆಸುಪಾಸಿನ ವಯಸ್ಸಲ್ಲಿ, ಆಳೆತ್ತರಕ್ಕೂ ಮೀರಿದ ಕ್ಯಾನ್ವಾಸಿನ ಮೇಲೆ ಹೋರಿಯೊಂದನ್ನು ಬರೆದ ಪುಣ್ಯಾತ್ಮ. ನೊಣ, ಸಗಣಿ ಯಾವುದನ್ನೂ ಬಿಟ್ಟಿಲ್ಲ. ಅವನ ಹೋರಿಯೂ ಬೇರೆ ಬೇರೆ ವಯಸ್ಸಿನ ದನಗಳನ್ನು ಸೇರಿಸಿ ಮಾಡಿದ್ದು ಅಂತ ಬಲ್ಲವರು ಹೇಳುತ್ತಾರೆ. ಸರಿ, ನನ್ನದೇನು ಮಹಾ!

ಬಿಳಿ ಹಸು ಅಂತೂ ಬಿಳಿ ಇರುವುದೇ ಇಲ್ಲ. ಒಂದು ಮಧ್ಯಾಹ್ನ ಕಣ್ಣು ಕಿರಿದು ಮಾಡಿ ನೋಡಿದೆ. ಬೆನ್ನಿನ ಮೇಲೆ ಆಕಾಶದ ತೆಳು ನೀಲಿ, ಪಕ್ಕೆಯ ಗುಳಿಯಲ್ಲಿ ಮಣ್ಣಿನ ಕಂದು, ಕೆಚ್ಚಲಿನ ಹತ್ತಿರ ಹೊಟ್ಟೆಯಡಿಯಲ್ಲಿ ಪಕ್ಕಾ ಹಸಿರು! ಬಿಸಿಲು ಹುಲ್ಲಿಗೆ ಬಡಿದು ಹೊಟ್ಟೆಗೆ ಹಾರಿತ್ತು. ನೆರಳಿಗೆ ಸುಮ್ನೆ ಕಪ್ಪು ಬಳಿಯುತ್ತಿದ್ದಷ್ಟು ದಿನ ನನ್ನ ಹಸುಗಳು ಹುಲ್ಲಿಗೆ ಅಂಟಿಸಿದ ರಟ್ಟಿನಂತೆ ಕಾಣುತ್ತಿದ್ದವು. ಆ ಒಂದು ಹಸಿರು ಎಳೆ ಬಿದ್ದ ಮೇಲೆ ಹಸು ನೆಲ ಮುಟ್ಟಿತು. ಅದೂ ಟ್ಯೂಬಿನಿಂದ ಹಿಂಡಿದ ಹಸಿರಲ್ಲ, ಅದು ಜಾಸ್ತಿ ಅಬ್ಬರ, ಸ್ವಲ್ಪ ಯೆಲ್ಲೋ ಓಕರ್ ಅನ್ನುವ ಮಣ್ಣುಹಳದಿ ಬೆರೆಸಿ ಸುಮ್ಮನಾಗಿಸಬೇಕು.

ಆಯಿಲ್ ಪೇಂಟಿಗೆ ಅವಸರವಿಲ್ಲ. ಅದರೊಳಗಿನ ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ, ಅದಕ್ಕೆ ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ನಾಲ್ಕನೇ ಕಾಲನ್ನು ಎಷ್ಟು ಸಲ ಬೇಕಾದರೂ ಕೆರೆದು ತೆಗೆಯಬಹುದು. ನಾನು ಐದು ಸಲ ಕೆರೆದೆ, ಆರನೇ ಸಲ ಅಲ್ಲೊಂದು ಹುಲ್ಲಿನ ಪೊದೆ ಬೆಳೆಸಿಬಿಟ್ಟೆ.

ಆದರೆ ಒದ್ದೆ ಬಣ್ಣದ ಮೇಲೆ ನೊಣವೊಂದು ಬಂದು ಕೂತು ಅಲ್ಲೇ ಅಂಟಿಕೊಂಡಿತು. ಚಾಕು ಕೈಗೆತ್ತಿಕೊಂಡೆ. ಕೂತಿದ್ದು ಸರಿಯಾಗಿ ಹಸುವಿನ ಬೆನ್ನಿನ ಮೇಲೆ, ಬಿಟ್ಟುಬಿಟ್ಟೆ.