ಎರಡು ವರ್ಷದ ಡಿಗ್ರಿಯೂ ಎರಡು ವರ್ಷಕ್ಕೆ ಬಿಟ್ಟ ಡಿಗ್ರಿಯೂ

ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ‘ಕಮ್ಯುನಿಟಿ ಕಾಲೇಜು’ ಅನ್ನುವ ಮಾತನ್ನು ಸ್ವಲ್ಪ ದನಿ ತಗ್ಗಿಸಿಯೇ ಆಡುತ್ತಾರೆ. ಮಗಳು ಬರ್ಕ್ಲಿಗೆ ಸೇರಿದಳು ಅಂದರೆ ಊರಿಗೆಲ್ಲ ಫೋನು ಹೋಗುತ್ತದೆ. ಮನೆ ಹತ್ತಿರದ ಎರಡು ವರ್ಷದ ಕಾಲೇಜಿಗೆ ಸೇರಿದಳು ಅಂದರೆ ‘ಸದ್ಯಕ್ಕೆ ಅಲ್ಲಿದ್ದಾಳೆ’ ಅನ್ನುವ ಉತ್ತರ. ಅವಳು ಓದುವುದು ‘ಬಿಹೇವಿಯರಲ್ ಸೈನ್ಸಸ್’ ಎಂದಾದರಂತೂ, ಅದೇನೆಂದು ಅಜ್ಜಿಗೆ ಬಿಡಿಸಿ ಹೇಳುವಷ್ಟರಲ್ಲಿ ವಾಟ್ಸಾಪ್ ಕಾಲ್ ಕಟ್ಟಾಗಿರುತ್ತದೆ. ಮನಃಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ ಈ ಮೂರನ್ನು ಒಂದೇ ಬುಟ್ಟಿಗೆ ಹಾಕಿದರೆ ಅದೇ ವರ್ತನಾ ವಿಜ್ಞಾನ. ಅಜ್ಜಿಗೆ ಅಷ್ಟು ಹೇಳಿದರೆ ಸಾಕು.

ಇಲ್ಲಿಯವರ ಈ ತಾತ್ಸಾರ ಒಂದು ತಪ್ಪಾದರೆ, ಕರ್ನಾಟಕದಲ್ಲಿ ನಡೆದದ್ದು ಇನ್ನೊಂದು ತಪ್ಪು. ಹೊಸ ಶಿಕ್ಷಣ ನೀತಿ ಬಂದಾಗ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂದು ಘೋಷಣೆಯಾಯಿತು, ಅಮೆರಿಕದ ಎರಡು ವರ್ಷದ ‘ಅಸೋಸಿಯೇಟ್’ ಪದವಿಯಂತೆಯೇ ಇದು ಎಂದು ಹಲವರು ಬಗೆದರು. ಹೋಲಿಕೆ ವರ್ಷಗಳ ಸಂಖ್ಯೆಯಲ್ಲಿ ಮಾತ್ರ ಇತ್ತು. ಅಸೋಸಿಯೇಟ್ ಪದವಿಯ ಬೆಲೆ ಇರುವುದು ಅದನ್ನು ಮುಗಿಸಿ ಹೊರಗೆ ಹೋಗುವುದರಲ್ಲಲ್ಲ, ಅದನ್ನು ಹಿಡಿದು ನಾಲ್ಕು ವರ್ಷದ ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷಕ್ಕೆ ನೇರವಾಗಿ ಕೂರುವುದರಲ್ಲಿ.

ಮೊದಲು ಲೆಕ್ಕ ನೋಡೋಣ. ಅಸೋಸಿಯೇಟ್ ಪದವಿಗೆ 60 ಸೆಮಿಸ್ಟರ್ ಯೂನಿಟ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ 116 ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್, ಅಂದರೆ ಇಡೀ ಪದವಿಗೆ 2,760 ಡಾಲರ್. ಪುಸ್ತಕ, ಪಾರ್ಕಿಂಗ್ ಬೇರೆ. ಮೂರು ಯೂನಿಟ್ಟಿನ ಕೋರ್ಸಿಗೆ ವಾರಕ್ಕೆ ಮೂರು ಗಂಟೆ ಪಾಠ, ಅದರ ಮೇಲೆ ಆರು ಗಂಟೆ ಸ್ವಂತ ಓದು ಎಂಬುದು ನಿಯಮದಲ್ಲೇ ಅಡಗಿರುವ ಲೆಕ್ಕ. ಐದು ಕೋರ್ಸ್ ತೆಗೆದುಕೊಂಡರೆ ವಾರಕ್ಕೆ 45 ಗಂಟೆ. ಊರಿನಿಂದ ಬಂದ ವಿದ್ಯಾರ್ಥಿಗಳು ಎಡವುವುದು ಇಲ್ಲಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ರಾತ್ರಿ ಕೂತು ಓದಿ ಪಾಸಾಗುವ ವಿದ್ಯೆ ಇಲ್ಲಿ ನಡೆಯದು. ವಾರವಾರದ ಕ್ವಿಜ್, ಚರ್ಚೆ, ಸಣ್ಣ ಬರಹ ಎಲ್ಲಕ್ಕೂ ಅಂಕ ಇರುತ್ತದೆ. ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೂ ಮೊದಲ ಆರು ವಾರ ಖಾಲಿ ಬಿಟ್ಟವರ ಗ್ರೇಡ್ ಮೇಲೇಳುವುದು ಕಷ್ಟ.

ಇನ್ನು ಪದವಿಯ ಹೆಸರಿನ ವಿಷಯ. ಬಹಳ ಕಾಲೇಜುಗಳ ಪಟ್ಟಿಯಲ್ಲಿ ‘ಸೋಶಿಯಲ್ ಅಂಡ್ ಬಿಹೇವಿಯರಲ್ ಸೈನ್ಸಸ್’ ಎಂಬ ಎಎ, ಅಂದರೆ ಅಸೋಸಿಯೇಟ್ ಇನ್ ಆರ್ಟ್ಸ್ ಪದವಿ, ಇರುತ್ತದೆ. ಅದರ ಪಕ್ಕದಲ್ಲೇ ‘ಸೈಕಾಲಜಿ ಎಎ-ಟಿ’ ಇರುತ್ತದೆ. ನೋಡುವವರಿಗೆ ಎರಡೂ ಒಂದೇ. ಮೊದಲನೆಯದು ಕಲಸನ್ನದ ಹಾಗೆ: ಆ ಗುಂಪಿನ ವಿಷಯಗಳಲ್ಲಿ 18 ಯೂನಿಟ್ ಆದರೆ ಆಯಿತು, ಇತಿಹಾಸ ಒಂದು, ರಾಜ್ಯಶಾಸ್ತ್ರ ಒಂದು, ಅರ್ಥಶಾಸ್ತ್ರ ಒಂದು ಎಂದು ಆರಿಸಿಕೊಂಡು ಸ್ಟಾಟಿಸ್ಟಿಕ್ಸನ್ನು ಮುಟ್ಟದೆಯೂ ಗುಂಪಿನ ಲೆಕ್ಕ ತುಂಬಿಸಬಹುದು. ಎರಡನೆಯದರಲ್ಲಿ ಮೂರು ಕೋರ್ಸ್ ಕಡ್ಡಾಯ: ಮನಃಶಾಸ್ತ್ರ ಪ್ರವೇಶ, ಸ್ಟಾಟಿಸ್ಟಿಕ್ಸ್, ಸಂಶೋಧನಾ ವಿಧಾನ. ಟ್ರಾನ್ಸ್‌ಫರ್ ಎಂಬುದರ ಗುರುತಾದ ಆ ‘ಟಿ’ ಅಕ್ಷರದ ಹಿಂದೆ 2010ರ ಒಂದು ಕಾನೂನು ನಿಂತಿದೆ. ಅದನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಸೀಟು ಖಾತ್ರಿ, ಮತ್ತು ಅದೇ ವಿಷಯದಲ್ಲಿ ಮುಂದುವರಿದರೆ ಇನ್ನು 60 ಯೂನಿಟ್ಟಿಗಿಂತ ಹೆಚ್ಚು ಓದಿಸುವಂತಿಲ್ಲ. ಖಾತ್ರಿ ಇರುವುದು ವ್ಯವಸ್ಥೆಯೊಳಗೆ ಎಲ್ಲೋ ಒಂದು ಕಡೆ. ನೀವು ಕೇಳಿದ ಕ್ಯಾಂಪಸ್ಸಿನಲ್ಲೇ ಅಲ್ಲ. ಹಗುರ ಅನ್ನಿಸಿದ ಪದವಿ ಹಿಡಿದು, ಕೊನೆಯ ಸೆಮಿಸ್ಟರಿನಲ್ಲಿ ‘ಅಯ್ಯೋ, ಸ್ಟಾಟ್ಸ್ ಬೇಕಿತ್ತಂತೆ’ ಅನ್ನುವವರು ಪ್ರತಿ ವರ್ಷ ಇರುತ್ತಾರೆ.

ಕೋರ್ಸುಗಳನ್ನು ತೆಗೆದುಕೊಳ್ಳುವ ಸರದಿಯೂ ಅಷ್ಟೇ ಮುಖ್ಯ. ಸಂಶೋಧನಾ ವಿಧಾನದ ಕ್ಲಾಸಿಗೆ ಕೂರಲು ಸಾಮಾನ್ಯವಾಗಿ ಪ್ರವೇಶ ಕೋರ್ಸೂ ಸ್ಟಾಟಿಸ್ಟಿಕ್ಸೂ ಮುಗಿದಿರಬೇಕು. ಗಣಿತದ ಹೆದರಿಕೆಯಿಂದ ಸ್ಟಾಟಿಸ್ಟಿಕ್ಸನ್ನು ಮೂರನೇ ಸೆಮಿಸ್ಟರಿಗೆ ತಳ್ಳಿದರೆ ಸಂಶೋಧನಾ ವಿಧಾನ ನಾಲ್ಕನೆಯದಕ್ಕೆ ಬೀಳುತ್ತದೆ. ಸಣ್ಣ ಕಾಲೇಜಿನಲ್ಲಿ ಆ ಕೋರ್ಸಿಗೆ ಒಂದೇ ಸೆಕ್ಷನ್. ಆ ಸೆಮಿಸ್ಟರಿನಲ್ಲಿ ಅದು ಇಲ್ಲದಿದ್ದರೆ ಎರಡು ವರ್ಷದ ಪದವಿ ಎರಡೂವರೆ, ಮೂರು ವರ್ಷವಾಗುತ್ತದೆ. ಸ್ಟಾಟಿಸ್ಟಿಕ್ಸ್ ಮೊದಲ ಸೆಮಿಸ್ಟರಿಗೇ ಇರಲಿ. ಪಿಯುಸಿಯಲ್ಲಿ ಗಣಿತ ಇರಲಿಲ್ಲ ಅನ್ನುವುದು ಅಡ್ಡಿಯಲ್ಲ. ಇಲ್ಲಿ ಬೇಕಾಗುವುದು ಕ್ಯಾಲ್ಕುಲಸ್ ಅಲ್ಲ. ಶೇಕಡಾವಾರು, ಸರಳ ಬೀಜಗಣಿತ, ಗ್ರಾಫ್ ಓದುವ ರೂಢಿ ಇದ್ದರೆ ಸಾಕು. ವಾಕ್ಯಗಳನ್ನು ನಿಧಾನವಾಗಿ ಓದುವ ತಾಳ್ಮೆ ಮಾತ್ರ ಬೇಕು. ‘ವ್ಯತ್ಯಾಸ ಸಾಬೀತಾಗಿಲ್ಲ’ ಎಂಬುದಕ್ಕೂ ‘ವ್ಯತ್ಯಾಸ ಇಲ್ಲ’ ಎಂಬುದಕ್ಕೂ ಇರುವ ಅಂತರ ಗೊತ್ತಾಗದೆ ಅಂಕ ಕಳೆದುಕೊಳ್ಳುವವರೇ ಜಾಸ್ತಿ.

ಇನ್ನೊಂದು ಸೂಕ್ಷ್ಮ: ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಅರ್ಜಿ ಹಾಕುವುದು ಎರಡನೇ ವರ್ಷದ ಅಕ್ಟೋಬರ್-ನವೆಂಬರಿನಲ್ಲಿ. ಆಗ ಕೈಯಲ್ಲಿರುವುದು ಒಂದೇ ವರ್ಷದ ಗ್ರೇಡು. ಮೊದಲ ವರ್ಷ ಹೊಂದಿಕೊಳ್ಳೋಣ, ಎರಡನೇ ವರ್ಷ ಓದೋಣ ಅನ್ನುವವರ ಲೆಕ್ಕ ಇಲ್ಲೇ ತಪ್ಪುವುದು. ಕೋರ್ಸು ಕೈ ಮೀರುತ್ತಿದೆ ಅನ್ನಿಸಿದರೆ ಮೊದಲ ವಾರಗಳಲ್ಲೇ ಬಿಟ್ಟರೆ ಅಂಕಪಟ್ಟಿಯಲ್ಲಿ ಗುರುತೇ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ ‘ಡಬ್ಲ್ಯೂ’ (ನಡುವೆ ಬಿಟ್ಟದ್ದರ ಗುರುತು) ಬೀಳುತ್ತದೆ, ಟರ್ಮಿನ ಮುಕ್ಕಾಲು ಭಾಗ ದಾಟಿದ ಮೇಲೆ ಹಾಗೆ ಬಿಡುವ ಅವಕಾಶವೂ ಇಲ್ಲ. ಒಂದು ಕೋರ್ಸಿಗೆ ಇರುವ ಅವಕಾಶ ಸಾಮಾನ್ಯವಾಗಿ ಮೂರು, ಅದರಲ್ಲಿ ಡಬ್ಲ್ಯೂ ಕೂಡ ಒಂದು ಸಲ ಎಂದೇ ಲೆಕ್ಕ. ನಮ್ಮ ಬ್ಯಾಕ್ ಪೇಪರಿನಂತೆ ಕಟ್ಟುತ್ತಾ ಹೋಗುವ ಹಾಗಿಲ್ಲ.

ಕ್ಯುಪರ್ಟಿನೋ ಕಡೆಯ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಡಿ ಆಂಜಾ ಕಾಲೇಜು ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿಯದು, 90 ಕ್ವಾರ್ಟರ್ ಯೂನಿಟ್ ಆದರೆ 60 ಸೆಮಿಸ್ಟರ್ ಯೂನಿಟ್ಟಿಗೆ ಸಮ. ನಾಲ್ಕು ಯೂನಿಟ್ಟಿನ ಕೋರ್ಸು ಸೆಮಿಸ್ಟರ್ ಕಾಲೇಜಿನಲ್ಲಿ 2.67 ಆಗುತ್ತದೆ. ನಡುವೆ ಕಾಲೇಜು ಬದಲಿಸುವವರು ಈ ಚಿಲ್ಲರೆಯನ್ನು ಮೊದಲೇ ಕೂಡಿಸಿ ನೋಡಬೇಕು.

ಈಗ ನಿಜವಾದ ಹೋಲಿಕೆಗೆ ಬರೋಣ. ಈ ಎರಡು ವರ್ಷವನ್ನು ಹಿಡಿದು ನಿಲ್ಲಿಸಿರುವುದು ‘ಅಸಿಸ್ಟ್’ ಎಂಬ ಒಂದು ಸಾರ್ವಜನಿಕ ಪಟ್ಟಿ. ಯಾವ ಕಾಲೇಜಿನ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂದು ಸಾಲುಸಾಲಾಗಿ ಅಲ್ಲಿದೆ. ವಿದ್ಯಾರ್ಥಿ ಯಾರನ್ನೂ ಕೇಳಬೇಕಿಲ್ಲ, ಬಸ್ಸಿನ ವೇಳಾಪಟ್ಟಿ ನೋಡಿದ ಹಾಗೆ ನೋಡಿಕೊಳ್ಳಬಹುದು. 2025ರಿಂದ ಇನ್ನೂ ಒಂದು ಹೆಜ್ಜೆ: ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಮನಃಶಾಸ್ತ್ರ ಪ್ರವೇಶಕ್ಕೆ ‘ಸೈಕ್ ಸಿ1000’, ಸ್ಟಾಟಿಸ್ಟಿಕ್ಸಿಗೆ ‘ಸ್ಟಾಟ್ ಸಿ1000’ ಎಂಬ ಒಂದೇ ಸಂಖ್ಯೆ.

ಕರ್ನಾಟಕದಲ್ಲಿ 2021-22ರಲ್ಲಿ ಹೊಸ ನೀತಿ ಜಾರಿಯಾಯಿತು. ಯುಜಿಸಿಯ ಚೌಕಟ್ಟಿನಲ್ಲಿ 40 ಕ್ರೆಡಿಟ್ಟಿಗೆ ಸರ್ಟಿಫಿಕೇಟ್, 80ಕ್ಕೆ ಡಿಪ್ಲೊಮಾ, 120ಕ್ಕೆ ಪದವಿ, 160ಕ್ಕೆ ನಾಲ್ಕು ವರ್ಷದ ಆನರ್ಸ್. ಕ್ರೆಡಿಟ್ ಕೂಡಿಡಲು ಅಕಾಡೆಮಿಕ್ ಬ್ಯಾಂಕೂ ಬಂತು. ಆದರೆ ಬ್ಯಾಂಕಿನಲ್ಲಿ ಇಟ್ಟದ್ದನ್ನು ಎಲ್ಲಿ, ಯಾವ ಪೇಪರಿನ ಬದಲಿಗೆ ಖರ್ಚು ಮಾಡಬಹುದು? ಅದನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು. ಹೊರಗೆ ಹೋಗಲು ಬಾಗಿಲು ಇಟ್ಟರು, ಬಾಗಿಲಾಚೆ ಮೆಟ್ಟಿಲು ಕಟ್ಟಲಿಲ್ಲ. ಎರಡು ವರ್ಷದ ಸೈಕಾಲಜಿ ಡಿಪ್ಲೊಮಾ ಹಿಡಿದು ಬೆಂಗಳೂರಿನಲ್ಲಿ ಕೆಲಸ ಕೇಳಲು ಹೋದವರಿಗೆ ‘ಡಿಗ್ರಿ ಮುಗಿಸಲಿಲ್ಲವಾ?’ ಎಂಬ ಪ್ರಶ್ನೆಯೇ ಮೊದಲು ಬರುವುದು. 2024-25ರಿಂದ ರಾಜ್ಯ ಮೂರು ವರ್ಷದ ಪದವಿಗೇ ಮರಳಿತು. ಮರಳಿದ್ದು ತಪ್ಪು ಅನ್ನಲಾರೆ, ಆದರೆ ಮೈಸೂರು ವಿ.ವಿ.ಯ ಎರಡನೇ ವರ್ಷದ ಪೇಪರು ಧಾರವಾಡದಲ್ಲಿ ಯಾವುದಕ್ಕೆ ಸಮ ಎಂದು ಯಾರೂ ನೋಡಬಹುದಾದ ಒಂದು ಪಟ್ಟಿಗೆ ನಾಲ್ಕು ವರ್ಷದ ಪದವಿಯೂ ಬೇಕಿಲ್ಲ, ಹೊಸ ನೀತಿಯೂ ಬೇಕಿಲ್ಲ.

ಹಾಗೆಂದು ಎಲ್ಲದರಲ್ಲೂ ಇಲ್ಲಿನದೇ ಮೇಲು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಬಿಎ ಸೈಕಾಲಜಿಯ ಪ್ರಾಕ್ಟಿಕಲ್ ಇಲ್ಲಿನ ಎರಡು ವರ್ಷದ ಕಾಲೇಜುಗಳಲ್ಲಿ ಅಪರೂಪ. ಉದ್ದದ ಬಗ್ಗೆ ಕಣ್ಣಿಗಾಗುವ ಭ್ರಮೆಯನ್ನು ಅಳೆಯುವ ಮ್ಯುಲರ್-ಲೈಯರ್ ಪ್ರಯೋಗವನ್ನೇ ತೆಗೆದುಕೊಳ್ಳಿ. ಒಂದು ಹಲಗೆ, ಅದರಲ್ಲಿ ಬಾಣದ ತುದಿಯಿರುವ ಗೆರೆ ಒಂದು, ಗರಿಯ ತುದಿಯಿರುವ ಗೆರೆ ಇನ್ನೊಂದು. ಎರಡನೆಯದನ್ನು ಜರುಗಿಸಿ ಮೊದಲನೆಯದಕ್ಕೆ ಸಮ ಮಾಡಬೇಕು. ಗರಿಯ ತುದಿಯದು ಉದ್ದ ಕಾಣುವುದರಿಂದ ಬಹುತೇಕ ಎಲ್ಲರೂ ಅದನ್ನು ಗಿಡ್ಡ ಮಾಡಿಯೇ ನಿಲ್ಲಿಸುತ್ತಾರೆ. ಸ್ಟ್ಯಾಂಡರ್ಡ್, ಅಂದರೆ ಬಾಣದ ತುದಿಯ ಗೆರೆ, 10 ಸೆಂಟಿಮೀಟರ್ ಎಂದಿಟ್ಟುಕೊಂಡು ಸರಾಸರಿ 8.4 ಬಂದರೆ, ಆ 1.6ರ ಕೊರತೆಯೇ ಭ್ರಮೆಯ ಅಳತೆ. ಆದರೆ ಕಲಿಯಬೇಕಾದ್ದು ಅಂಕೆಯಲ್ಲಿಲ್ಲ. ಅರ್ಧ ಸಲ ಗೆರೆಯನ್ನು ಉದ್ದದಿಂದ ಗಿಡ್ಡಕ್ಕೆ, ಅರ್ಧ ಸಲ ಗಿಡ್ಡದಿಂದ ಉದ್ದಕ್ಕೆ ತರಬೇಕು. ಸ್ಟ್ಯಾಂಡರ್ಡ್ ಅರ್ಧ ಸಲ ಎಡಕ್ಕೆ, ಅರ್ಧ ಸಲ ಬಲಕ್ಕೆ ಇರಬೇಕು. ಕೈ ಒಂದೇ ದಿಕ್ಕಿಗೆ ಹೋಗುವಾಗ ನಿಲ್ಲುವ ಜಾಗದಲ್ಲಿ ಒಂದು ಒಲವು ಇರುತ್ತದೆ, ಕಣ್ಣಿಗೆ ಒಂದು ಬದಿಯ ಒಲವು ಇರುತ್ತದೆ. ಎರಡೂ ಹೊಡೆದುಹೋಗಲಿ ಎಂದು ಈ ಏರ್ಪಾಡು. ಇದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ, ಪ್ರಯೋಗದಲ್ಲಿ ಸರದಿಯನ್ನು ಯಾಕೆ ಅದಲುಬದಲು ಮಾಡುತ್ತಾರೆಂದು ಪುಸ್ತಕ ತೆರೆದು ಹೇಳಿಕೊಡಬೇಕಿಲ್ಲ.

ಕೆಡುವುದು ರೆಕಾರ್ಡಿನಲ್ಲಿ. ಉದ್ದೇಶ, ಸಾಮಗ್ರಿ, ವಿಧಾನ, ಸೂಚನೆ, ಫಲಿತಾಂಶ, ಚರ್ಚೆ ಎಂದು ಸೀನಿಯರ್ ಬರೆದದ್ದೇ ಜೂನಿಯರ್ ಪುಸ್ತಕಕ್ಕೆ ಇಳಿಯುತ್ತದೆ, ಅಂಕೆಗಳ ಸಮೇತ. ಇಪ್ಪತ್ತು ಟ್ರಯಲ್ಲಿನಲ್ಲಿ ಇಪ್ಪತ್ತೂ 8.3ರಿಂದ 8.5ರ ನಡುವೆ ಇದ್ದರೆ ಅದು ಮನುಷ್ಯನ ಕೈಯಲ್ಲ, ನಕಲಿನ ಕೈ. ಸಹಿ ಹಾಕುವವರಿಗೂ ಅದು ಗೊತ್ತು. ಇಲ್ಲಿನ ವಿದ್ಯಾರ್ಥಿ ಹಲಗೆ ಮುಟ್ಟಿರುವುದಿಲ್ಲ, ಆದರೆ ತನ್ನದೇ ಪ್ರಶ್ನೆ ಹಾಕಿಕೊಂಡು, ಒಪ್ಪಿಗೆ ಪತ್ರ ಮಾಡಿ, ಮೂವತ್ತು ಸಹಪಾಠಿಗಳಿಗೆ ಗೂಗಲ್ ಫಾರ್ಮ್ ಕಳಿಸಿ, ನಿದ್ದೆಗೂ ಆತಂಕಕ್ಕೂ ಸಂಬಂಧ ಇದೆಯೇ ಎಂದು ಜಾಸ್ಪ್ ಎಂಬ ಉಚಿತ ತಂತ್ರಾಂಶದಲ್ಲಿ ಲೆಕ್ಕ ಹಾಕಿ ಮನಃಶಾಸ್ತ್ರದ ಬರಹಕ್ಕೆ ಗೊತ್ತುಮಾಡಿದ ಎಪಿಎ ಶೈಲಿಯಲ್ಲಿ ವರದಿ ಬರೆದಿರುತ್ತಾನೆ. ಅವನ ತಪ್ಪು ಬೇರೆ ತರಹದ್ದು: ಸಂಬಂಧ ಕಂಡ ಕೂಡಲೇ ನಿದ್ದೆ ಕೆಟ್ಟದ್ದರಿಂದಲೇ ಆತಂಕ ಎಂದು ಬರೆದುಬಿಡುತ್ತಾನೆ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತವರು. 1935ರಲ್ಲಿ ಮನೆಯಿಂದಲೇ ರೇಡಿಯೋ ನಡೆಸಿ ‘ಆಕಾಶವಾಣಿ’ ಎಂಬ ಹೆಸರು ಚಲಾವಣೆಗೆ ತಂದವರೆಂದು ಅವರನ್ನು ನಾವು ನೆನೆಯುತ್ತೇವೆ. ಅವರ ಗುರುವಿನ ಹೆಸರಿನ, ಇಂಥ ಸಂಬಂಧವನ್ನೇ ಅಳೆಯುವ ಕೋರಿಲೇಶನ್ ಸೂತ್ರವನ್ನು ‘ಇಂಪಾರ್ಟೆಂಟ್ ಅಲ್ಲ’ ಎಂದು ಬಿಟ್ಟು ಪರೀಕ್ಷೆಗೆ ಹೋಗುವ ಸೈಕಾಲಜಿ ವಿದ್ಯಾರ್ಥಿಗಳು ಎರಡೂ ದೇಶದಲ್ಲಿದ್ದಾರೆ.

ಕೆಲಸದ ಮಾತು ಚಿಕ್ಕದು. ಅಸೋಸಿಯೇಟ್ ಮುಗಿಸಿದರೆ ಕೌನ್ಸೆಲರ್ ಆಗುವುದಿಲ್ಲ. ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುವ ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್ ಆಗಲು 40 ಗಂಟೆಯ ತರಬೇತಿ, ಹಿನ್ನೆಲೆ ಪರಿಶೀಲನೆ, ಕೌಶಲ ಪರಿಶೀಲನೆ, ಪರೀಕ್ಷೆ ಇಷ್ಟು ಸಾಕು. ಹೈಸ್ಕೂಲು ಮುಗಿದು ಹದಿನೆಂಟು ತುಂಬಿದ್ದರೆ ಅಸೋಸಿಯೇಟ್ ಕೂಡ ಬೇಕಿಲ್ಲ. ಚಿಕಿತ್ಸಕರಾಗಲು ಮಾಸ್ಟರ್ಸ್, ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಬೇರೆಯವರ ಮೇಲ್ವಿಚಾರಣೆಯಲ್ಲಿ 3,000 ಗಂಟೆ ಕೆಲಸ. ಭಾರತಕ್ಕೆ ಮರಳಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆನ್ನುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ಮಾನ್ಯತೆಯ ತರಬೇತಿ ಮತ್ತು ನೋಂದಣಿ ಬೇಕು. ಉಳಿದದ್ದನ್ನು ಊರಿನಿಂದ ದೂರಶಿಕ್ಷಣದಲ್ಲಿ ಮುಗಿಸೋಣ ಎಂಬ ಹಳೆಯ ಉಪಾಯವೂ ಈಗ ಇಲ್ಲ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನಿನಲ್ಲಿ ನಡೆಸುವುದನ್ನು ಯುಜಿಸಿ ನಿಲ್ಲಿಸಿದೆ.

ವೀಸಾ ಲೆಕ್ಕವೂ ಇದೆ. ಎಫ್-1 ಎಂಬ ಓದಿನ ವೀಸಾದಲ್ಲಿರುವ ವಿದ್ಯಾರ್ಥಿ ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ಓದಬೇಕು, ಅದರಲ್ಲಿ ಆನ್‌ಲೈನ್ ಕ್ಲಾಸು ಒಂದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಬರೀ 12ರಂತೆ ಹೋದರೆ 60 ಮುಗಿಯುವುದು ಐದು ಸೆಮಿಸ್ಟರಿಗೆ. ನಾಲ್ಕರಲ್ಲಿ ಮುಗಿಯಬೇಕಾದರೆ 15 ಬೇಕು. ಶುಲ್ಕವೂ 46 ಡಾಲರ್ ಅಲ್ಲ, ಅದರ ಹಲವು ಪಟ್ಟು. ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್-4ನಲ್ಲಿರುವ ಗೃಹಿಣಿಯರಿಗೆ ಈ ಕಟ್ಟುಪಾಡಿಲ್ಲ. ಸೆಮಿಸ್ಟರಿಗೆ ಒಂದೇ ಕೋರ್ಸ್ ಓದಬಹುದು, ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ನೆಲೆಸಿ ಅದಕ್ಕೆ ದಾಖಲೆ ಕೊಟ್ಟರೆ ನಿವಾಸಿಗಳ ಶುಲ್ಕವನ್ನೂ ಕೇಳಬಹುದು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದು ಬೆಳಗಿನ ಸ್ಟಾಟಿಸ್ಟಿಕ್ಸ್ ಕ್ಲಾಸಿಗೆ ಕೂರಲು ಇದಕ್ಕಿಂತ ಅಗ್ಗದ ದಾರಿ ಈ ರಾಜ್ಯದಲ್ಲಿಲ್ಲ.

ಪ್ರತಿ ಕೋರ್ಸಿನ ಸಿಲಬಸ್ಸನ್ನು ಪಿಡಿಎಫ್ ಮಾಡಿ, ವರ್ಷ-ಟರ್ಮಿನ ಹೆಸರಿಟ್ಟು, ಕಾಲೇಜಿನ ಇಮೇಲಿನಲ್ಲಲ್ಲ, ಸ್ವಂತ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಬೇರೆ ರಾಜ್ಯಕ್ಕೋ ಊರಿಗೋ ಹೋದಾಗ ಅಂಕಪಟ್ಟಿಯ ಜೊತೆ ಕೇಳುವುದು ಅದನ್ನೇ. ಆಗ ಹುಡುಕಿದರೆ ಕಾಲೇಜಿನ ಖಾತೆ ಮುಚ್ಚಿರುತ್ತದೆ, ಪಾಠ ಮಾಡಿದವರು ಬೇರೆಡೆ ಹೋಗಿರುತ್ತಾರೆ.