ಬರಿಗಾಲಿನಿಂದಾಗಿ ವಿಶ್ವಕಪ್ ತಪ್ಪಿತೇ?

ಬರಿಗಾಲಲ್ಲಿ ಆಡಲು ಬಿಡದ ಕಾರಣ ಭಾರತ 1950ರ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗಲಿಲ್ಲ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಅದು ನಿಜವಾದ ಕಾರಣವಲ್ಲ. ಎದುರಾಳಿಗಳು ಹಿಂದೆ ಸರಿದದ್ದರಿಂದ ನಮಗೆ ಅರ್ಹತೆ ಆಡದೆಯೇ ಸಿಕ್ಕಿತ್ತು. ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯವಿಲ್ಲ ಎಂಬುದು ಅಧಿಕೃತ ವಿವರಣೆ. ಒಲಿಂಪಿಕ್ಸ್‌ಗಿದ್ದ ಮಹತ್ವವನ್ನು ಆಗ ಇಲ್ಲಿ ವಿಶ್ವಕಪ್‌ಗೆ ಕೊಟ್ಟಿರಲಿಲ್ಲ. ಕೈಚೆಲ್ಲಿದ ಅವಕಾಶವೆಂಬ ನೋವು ಮಾತ್ರ ನಿಜ. ಸಂದೇಶ ಹಂಚುವವರಲ್ಲೂ ಇರುವುದು ಅದೇ.

ಪರಿಶೀಲನೆ ಕಷ್ಟವಲ್ಲ. ಗ್ರಂಥಾಲಯದಲ್ಲಿ ಆ ವರ್ಷದ ಪತ್ರಿಕೆಗಳನ್ನು ತೆರೆದು, ಸಂದೇಶ ಹೇಳುವ ಕಾರಣ ಅಲ್ಲಿದೆಯೇ ನೋಡಿ. ಹಿಂದುಮುಂದಿನ ಪಂದ್ಯಗಳನ್ನೂ ಗಮನಿಸಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಆಡಿ, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಫ್ರಾನ್ಸ್‌ಗೆ 1-2ರಿಂದ ಸೋತರು. 1952ರಲ್ಲಿ ಹೆಲ್ಸಿಂಕಿಯಲ್ಲೂ ಹಲವರು ಬೂಟು ತೊಟ್ಟಿರಲಿಲ್ಲ.