ಹುಲಿ ಸಿಕ್ಕಿತೇ?

ನಮ್ಮ ಅಜ್ಜಿಯ ಕಾಲದಲ್ಲಿ ಮನುಷ್ಯರು ಹುಲಿಗೆ ಸಿಗುತ್ತಿದ್ದರು. ‘ಪಾಪ, ಸೌದೆಗೆ ಹೋದವನು ಹುಲಿ ಬಾಯಿಗೆ ಸಿಕ್ಕಿಬಿಟ್ಟ’ ಎಂದು ಅವಳು ಕಥೆ ಶುರು ಮಾಡಿದರೆ ನಾವು ಕಂಬಳಿಯೊಳಗೆ ಇನ್ನಷ್ಟು ಮುದುಡಿಕೊಳ್ಳುತ್ತಿದ್ದೆವು. ಈಗ ವಿಭಕ್ತಿ ಬದಲಾಗಿದೆ. ಏಪ್ರಿಲ್ ಬಂತೆಂದರೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಾಲಿನವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರದೂ ಒಂದೇ ಪ್ರಶ್ನೆ: ‘ಹುಲಿ ಸಿಕ್ಕಿತೇ?’ ಸಂತೆಯಲ್ಲಿ ಮರೆತುಬಂದ ಕೊಡೆಯನ್ನು ವಿಚಾರಿಸುವ ಧಾಟಿ.

ನನ್ನ ಭಾವಮೈದುನ ಈ ಬೇಸಿಗೆಯಲ್ಲಿ ಹುಲಿ ನೋಡಲು ಕಬಿನಿಯ ಕಾಡಿಗೆ ಆರು ಸಲ ಸಫಾರಿ ಹೋದ. ಆರನೆಯ ಸಲ ನನ್ನನ್ನೂ ಕರೆದುಕೊಂಡು ಹೋದ. ಜೀಪಿನಲ್ಲಿ ಜಾಗವೇನೂ ಇರಲಿಲ್ಲ, ಅವನ ಆರುನೂರು ಮಿಲಿಮೀಟರಿನ ಲೆನ್ಸನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಲು ಮನೆಯವರೊಬ್ಬರು ಬೇಕಾಗಿತ್ತು, ಅಷ್ಟೆ. ಲೆನ್ಸು ಹಸಿರು-ಕಂದು ಮಚ್ಚೆಯ ಅಂಗಿ ತೊಟ್ಟಿತ್ತು. ಅದೇ ತಾನಿನ ಬಟ್ಟೆಯಲ್ಲಿ ಭಾವಮೈದುನನೂ ಷರಟು, ಪ್ಯಾಂಟು, ಟೋಪಿ ಹೊಲಿಸಿಕೊಂಡಿದ್ದ. ‘ಕಾಡಿನಲ್ಲಿ ನಾವು ಪ್ರಾಣಿಗಳಿಗೆ ಕಾಣಿಸಬಾರದು ಭಾವ’ ಎಂದು ಪಿಸುಗುಟ್ಟಿದ. ಗುಡುಗುಟ್ಟುವ ಡೀಸೆಲ್ ಜೀಪಿನಲ್ಲಿ, ಒಂಬತ್ತು ಜನರ ನಡುವೆ, ಮೂರು ಬಗೆಯ ಸೆಂಟಿನ ಪರಿಮಳದಲ್ಲಿ ಕುಳಿತು ನಾವು ಯಾರಿಗೂ ಕಾಣಿಸದಂತೆ ಕಾಡು ಹೊಕ್ಕೆವು.

ಹೊಕ್ಕುವ ಮೊದಲು ಲೆನ್ಸಿಗೆ ಟಿಕೆಟ್ ಆಗಬೇಕು. ಉದ್ದ ಹೆಚ್ಚಿದಷ್ಟೂ ಶುಲ್ಕ ಹೆಚ್ಚು. ಸರ್ಕಾರಿ ಬಸ್ಸಿನಲ್ಲಿ ಕೋಳಿಗೆ ಅರ್ಧ ಟಿಕೆಟ್ ಹರಿದ ನಾಡು ನಮ್ಮದು, ಇದರಲ್ಲಿ ಅಚ್ಚರಿಪಡುವುದೇನೂ ಇಲ್ಲ. ಆದರೆ ತರ್ಕ ನನಗೆ ಹತ್ತಲಿಲ್ಲ. ಉದ್ದ ಲೆನ್ಸಿನವನು ದೂರವೇ ನಿಂತು ಫೋಟೊ ತೆಗೆಯುತ್ತಾನೆ, ಅವನಿಗೆ ದಂಡ. ಗಿಡ್ಡ ಲೆನ್ಸಿನವನು ‘ಇನ್ನೂ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ’ ಎಂದು ಚಾಲಕನ ಭುಜ ತಿವಿಯುತ್ತಾನೆ, ಅವನಿಗೆ ವಿನಾಯಿತಿ.

ಬೇಸಿಗೆಯ ಕಬಿನಿಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅಣೆಕಟ್ಟಿನ ಹಿನ್ನೀರು ಇಳಿದಂತೆ ಕೆಸರಿನ ಮೇಲೆ ಎಳೆಹುಲ್ಲು ಚಿಗುರುತ್ತದೆ. ಒಣಗಿ ನಿಂತ ಕಾಡುಗಳಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ನಾವು ಹೋದ ಸಂಜೆ ನಾನು ಅರವತ್ತರವರೆಗೆ ಎಣಿಸಿ ಕೈಬಿಟ್ಟೆ. ಹತ್ತಿರದಲ್ಲೇ ಒಬ್ಬ ಮುದಿ ಹೆಣ್ಣಾನೆ ಸೊಂಡಿಲಿನಿಂದ ಹುಲ್ಲಿನ ಹಿಡಿಯನ್ನು ಸುತ್ತಿ, ಮುಂಗಾಲಿನಿಂದ ಬುಡಕ್ಕೆ ಒದ್ದು ಕೀಳುತ್ತಿತ್ತು. ಕಿತ್ತದ್ದನ್ನು ಕಾಲಿಗೆ ಪಟಪಟನೆ ಬಡಿದು ಮಣ್ಣು ಉದುರಿಸಿ, ಆಮೇಲೆ ಬಾಯಿಗಿಡುತ್ತಿತ್ತು. ನಮ್ಮ ಅಜ್ಜಿ ಕೊತ್ತಂಬರಿ ಕಟ್ಟನ್ನು ಕಲ್ಲಿಗೆ ಬಡಿಯುತ್ತಿದ್ದದ್ದು ಹೀಗೆಯೇ. ಪಕ್ಕದಲ್ಲಿದ್ದ ಮರಿ ಅದನ್ನೇ ಅನುಕರಿಸಲು ಹೋಗಿ, ಹುಲ್ಲನ್ನು ತಲೆಯ ಮೇಲೆ ಹಾಕಿಕೊಂಡು ಮಣ್ಣನ್ನು ತಿಂದಿತು.

‘ಭಾವ, ಬೆಳಕು ಹೋಗುತ್ತಿದೆ’ ಎಂದ ಭಾವಮೈದುನ.

‘ಆನೆ ನೋಡೋ.’

‘ಆನೆ ಇದ್ದೇ ಇರುತ್ತದೆ.’

ಅಷ್ಟರಲ್ಲಿ ಎಲ್ಲೋ ಜಿಂಕೆ ಕೂಗಿತು. ಜಿಂಕೆ ಕೂಗಿದರೆ ಹುಲಿಯೋ ಚಿರತೆಯೋ ನಡೆಯುತ್ತಿದೆ ಎಂದರ್ಥ. ‘ಕಾಲ್! ಕಾಲ್!’ ಎಂದು ಜೀಪಿನವರೆಲ್ಲ ಕಿರುಚಿದರು. ಪಾಪದ ಪ್ರಾಣಿ ತನ್ನ ಬಳಗಕ್ಕೆ ‘ಓಡಿ’ ಎಂದು ಹೇಳಿದರೆ ನಮಗೆ ‘ಬನ್ನಿ’ ಎಂದು ಕೇಳಿಸುತ್ತದೆ. ಚಾಲಕ ಗೇರು ಬದಲಿಸಿದ. ಎರಡು ನಿಮಿಷದಲ್ಲಿ ನಾಲ್ಕು ದಿಕ್ಕಿನಿಂದ ಎಂಟು ಜೀಪು, ಒಂದು ದೊಡ್ಡ ಕ್ಯಾಂಟರು ಬಂದು ಒಂದು ಲಂಟಾನ ಪೊದೆಯನ್ನು ಸುತ್ತುವರಿದವು.

ಇದೇ ಸೀಮೆಯ ಕಾಕನಕೋಟೆಯಲ್ಲಿ ಹಿಂದೆ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಗದ್ದಲ ಎಬ್ಬಿಸಿ ಆನೆಗಳನ್ನು ಹೊಳೆಗೆ ಅಟ್ಟುವ ವೈಭವವನ್ನು ಅರಮನೆಯ ಅತಿಥಿಗಳು ಅಟ್ಟಣಿಗೆಯ ಮೇಲೆ ಕುಳಿತು ನೋಡುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ ಎಂದು ಪುಸ್ತಕಗಳಲ್ಲಿದೆ. ಪುಸ್ತಕ ಬರೆದವರು ಇತ್ತೀಚೆಗೆ ಸಫಾರಿಗೆ ಹೋದಂತಿಲ್ಲ.

ಮುಕ್ಕಾಲು ಗಂಟೆ ಕಾದೆವು. ಪೊದೆಯ ಸಂದಿನಲ್ಲಿ ಒಂದು ಕಿವಿ ಕಾಣಿಸಿತು, ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಬೊಟ್ಟು. ನೊಣ ಕೂತಿತೇನೋ, ಕಿವಿ ಒಮ್ಮೆ ಅಲುಗಿತು. ಜೋಳ ಹುರಿದಂತೆ ಒಂಬತ್ತು ವಾಹನಗಳ ಕ್ಯಾಮೆರಾಗಳು ಸಿಡಿದವು. ಭಾವಮೈದುನ ಒಂದೇ ಕಿವಿಯ ಸಾವಿರದ ನಾನೂರು ಚಿತ್ರ ತೆಗೆದ. ಮದುವೆಯ ಆಲ್ಬಮ್ಮಿನಲ್ಲಿ ಅವನ ಹೆಂಡತಿಯ ಎರಡೂ ಕಿವಿ ಸೇರಿಸಿದರೂ ಅಷ್ಟು ಚಿತ್ರಗಳಿಲ್ಲ.

ಮರುದಿನದ ಪತ್ರಿಕೆಗಳಲ್ಲಿ ಇಂಥದ್ದಕ್ಕೆ ‘ಪ್ರವಾಸಿಗರಿಗೆ ಹುಲಿ ದರ್ಶನ’ ಎಂಬ ತಲೆಬರಹ ಇರುತ್ತದೆ. ದರ್ಶನ ಎಂಬ ಪದ ಸರಿಯಾಗಿಯೇ ಇದೆ. ಹುಲಿಯೇರಿ ಕುಳಿತ ಮಲೆ ಮಾದಪ್ಪನ ದರ್ಶನಕ್ಕೆ ನಮ್ಮ ಹಿರಿಯರು ಬೆಟ್ಟ ಹತ್ತುತ್ತಿದ್ದರು. ನಾವು ಮಾದಪ್ಪನನ್ನು ಕೆಳಗಿಳಿಸಿ ವಾಹನವನ್ನಷ್ಟೇ ಇಟ್ಟುಕೊಂಡೆವು. ಉಳಿದದ್ದೆಲ್ಲ ಹಾಗೆಯೇ ಇದೆ: ಸಾಲು, ನೂಕುನುಗ್ಗಲು, ವಿಶೇಷ ಟಿಕೆಟ್, ಶಿಫಾರಸು ಪತ್ರ.

ಗೇಟಿನಲ್ಲಿ ಎದುರಾದ ಇನ್ನೊಂದು ಜೀಪಿನವರ ಮುಖ ಸೂತಕದ ಮನೆಯಂತಿತ್ತು. ‘ಏನೂ ಸಿಗಲಿಲ್ಲ, ಕಾಡು ಖಾಲಿ’ ಎಂದರು. ವಿಚಾರಿಸಿದರೆ ಕಾಟಿಯ ಹಿಂಡು ರಸ್ತೆ ದಾಟಿದೆ, ಸೀಳುನಾಯಿಗಳು ಕಡವೆಯನ್ನು ನೀರಿಗೆ ಅಟ್ಟಿವೆ, ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸಿದೆ. ಜೊತೆಗೆ ಆ ಅರವತ್ತು ಆನೆಗಳು. ಇವೆಲ್ಲ ಕೂಡಿ ಏನೂ ಅಲ್ಲ.

ಹುಲಿಯೊಂದೇ ಲೆಕ್ಕಕ್ಕೆ ಬರುವುದು, ಅದೂ ಕ್ರಿಕೆಟ್ಟಿನ ಲೆಕ್ಕದಲ್ಲಿ. 2018ರ ಗಣತಿಯಲ್ಲಿ ಮಧ್ಯಪ್ರದೇಶ 526, ಕರ್ನಾಟಕ 524. ಎರಡೇ ಎರಡು ಹುಲಿಯಿಂದ ಸೋತೆವಲ್ಲ ಎಂದು ಭಾವಮೈದುನ ಆ ಅಂಕಿ ಬಂದ ದಿನ ಊಟ ಬಿಟ್ಟಿದ್ದ. 2022ರಲ್ಲಿ ನಮ್ಮದು 563ಕ್ಕೆ ಏರಿತು, ಅವರದು 785. ಈ ಸಲ ಅವನಿಗೆ ಸಮಾಧಾನವಾಯಿತು. ದೊಡ್ಡ ಅಂತರದ ಸೋಲು ಅಷ್ಟು ನೋಯುವುದಿಲ್ಲ.

ದಾರಿಯಲ್ಲಿ ಅವನು ಒಂದು ಯೋಜನೆಯನ್ನೂ ಮಂಡಿಸಿದ. ಹಂಪಿಯ ಬಳಿಯ ದರೋಜಿಯಲ್ಲಿ ಬಂಡೆಗೆ ಬೆಲ್ಲ, ಜೇನು ಬಳಿದು ಕರಡಿಗಳನ್ನು ಹೊತ್ತಿಗೆ ಸರಿಯಾಗಿ ಕರೆಸುತ್ತಾರಂತೆ. ಕಬಿನಿಯಲ್ಲೂ ಹಾಗೆ ಏನಾದರೂ ಬಳಿಯಬಾರದೇ? ‘ಹುಲಿಗೆ ಏನು ಇಷ್ಟ ಭಾವ?’ ಎಂದು ಕೇಳಿದ. ನಾನು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದೆ.

ಮನೆಗೆ ಬಂದ ಮೇಲೆ ಮೂರು ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ಕಿವಿಯನ್ನು ತಿದ್ದಿದ. ನಾಲ್ಕನೆಯ ದಿನ ಅದು ಕೇಸರಿಬಾತಿನ ಬಣ್ಣಕ್ಕೆ ತಿರುಗಿ ನಮ್ಮೆಲ್ಲರ ಮೊಬೈಲಿಗೆ ಬಂತು. ಕೆಳಗೆ ಕಿವಿಗಿಂತ ದೊಡ್ಡ ಅಕ್ಷರಗಳಲ್ಲಿ ಅವನ ಹೆಸರು.

ಮೇ ತಿಂಗಳಲ್ಲಿ ಸಫಾರಿಯ ದುಡ್ಡು ಮುಗಿದು ಅವನ ಕಣ್ಣು ನಮ್ಮ ಮನೆಯ ಮೇಲೆ ಬಿತ್ತು. ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಬಟ್ಟಲಿನಷ್ಟು ಗೂಡು, ಒಳಗೆ ಪುಕ್ಕವಿಲ್ಲದ ಎರಡು ಮರಿ, ಮೈಗಿಂತ ಬಾಯಿಯೇ ದೊಡ್ಡದು. ಬೆಳಗ್ಗೆ ನೋಡಿದರೆ ಮಹಾಶಯ ಏಣಿಯ ಮೇಲೆ ನಿಂತು, ಹೂವು ಕತ್ತರಿಸುವ ಕತ್ತರಿಯಿಂದ ಗೂಡಿನ ಸುತ್ತಲಿನ ಎಲೆಗಳನ್ನು ತೆಗೆಯುತ್ತಿದ್ದ. ‘ಎಲೆ ಅಡ್ಡ ಬರುತ್ತಿದೆ ಭಾವ.’ ಎಲೆ ಅಡ್ಡ ಬರಲೆಂದೇ ಅದು ಅಲ್ಲಿ ಗೂಡು ಕಟ್ಟಿದ್ದು. ಎದುರಿನ ತಂತಿಯ ಮೇಲೆ ಕುಳಿತ ಕಾಗೆಗೆ ಈ ವಿಷಯ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಹೆಂಡತಿ ಪೊರಕೆ ಹಿಡಿದೇ ಹೊರಬಂದಳು. ‘ಬಾಣಂತಿ ಕೋಣೆಗೆ ಕ್ಯಾಮೆರಾ ಹಿಡಿದು ನುಗ್ಗುತ್ತೀಯೇನೋ? ಇಳಿ ಕೆಳಗೆ!’

ಅವಳ ತವರು ಮದ್ದೂರಿನ ಕಡೆ. ಅಲ್ಲೇ ಪಕ್ಕದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆಮರಗಳಲ್ಲಿ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳನ್ನು ಕಾಣುತ್ತಾರೆ. ಆ ಊರಿಗೂ ಭಾವಮೈದುನ ಒಮ್ಮೆ ಹೋಗಿದ್ದ. ಹಾರುವ ಚಿತ್ರ ಬೇಕೆಂದು ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟಿದನಂತೆ. ಮೇಲಿನಿಂದ ಏನು ಬಿತ್ತೆಂದು ಅವನು ಹೇಳಲಿಲ್ಲ. ಲೆನ್ಸಿನ ಅಂಗಿ ಮಾತ್ರ ಎರಡು ದಿನ ನೆನೆದಿತ್ತು.

ಜೂನ್ ಮೊದಲ ವಾರ ಅವನ ಬಡಾವಣೆಯಲ್ಲಿ ಚಿರತೆ ಕಾಣಿಸಿಕೊಂಡಿತು. ಕಾಡಿನಲ್ಲಿ ‘ದರ್ಶನ’ ಕೊಡುವ ಪ್ರಾಣಿ ಊರಿಗೆ ಬಂದರೆ ‘ಪ್ರತ್ಯಕ್ಷ’ವಾಗುತ್ತದೆ, ಜನರಲ್ಲಿ ‘ಆತಂಕ’ ಮೂಡುತ್ತದೆ. ತಿ. ನರಸೀಪುರದ ಹೊಲಗಳಲ್ಲಿ ಚಿರತೆಗೆ ಮಕ್ಕಳನ್ನು ಕಳೆದುಕೊಂಡವರ ಆತಂಕದ ಬಗ್ಗೆ ನಾನು ನಗಲಾರೆ. ಆದರೆ ಇವನು ಆರು ಸಲ ದುಡ್ಡು ಕಟ್ಟಿ ಹುಡುಕಿದ ಪ್ರಾಣಿಯ ದಾಯಾದಿ ಏಳನೆಯ ಸಲ ತಾನೇ ಮನೆಗೆ ಬಂದಿದೆ! ಭಾವಮೈದುನ ಕಿಟಕಿಗಳಿಗೆಲ್ಲ ಚಿಲಕ ಹಾಕಿ, ಲೆನ್ಸನ್ನು ಬೀರುವಿನಲ್ಲಿಟ್ಟು, ಕೂಡಲೇ ಬೋನು ಇಡಬೇಕೆಂಬ ಮನವಿಗೆ ಮೊದಲನೆಯವನಾಗಿ ಸಹಿ ಹಾಕಿದ್ದ. 2023ರ ನವೆಂಬರಿನಲ್ಲಿ ಬೆಂಗಳೂರಿನ ಕೂಡ್ಲು ಬಳಿ ಓಡಾಡಿದ ಚಿರತೆ ಸೆರೆ ಕಾರ್ಯಾಚರಣೆಯಲ್ಲಿ ಗುಂಡೇಟಿಗೆ ಸತ್ತದ್ದನ್ನು ನೆನಪಿಸಿದೆ. ‘ಅದೆಲ್ಲ ಆಮೇಲೆ ಭಾವ, ಮೊದಲು ಹಿಡಿಯಲಿ’ ಎಂದ.

ಆ ರಾತ್ರಿ ಅವನೇ ಒಂದು ಚಿತ್ರ ಕಳುಹಿಸಿದ. ಅವನ ಕಾರಿನ ಪಕ್ಕದಲ್ಲಿ ಚಿರತೆ ನಡೆದುಹೋಗುತ್ತಿದೆ. ಮೀಸೆಯಿಂದ ಬಾಲದ ತುದಿಯವರೆಗೆ ಪೂರ್ತಿ ಚಿರತೆ, ಅಡ್ಡಕ್ಕೆ ಒಂದು ಎಲೆಯೂ ಇಲ್ಲ. ತೆಗೆದದ್ದು ಗೇಟಿನ ಮೇಲಿನ ಸಿಸಿಟಿವಿ ಕ್ಯಾಮೆರಾ. ಕೆಳಗೆ ಅವನ ಹೆಸರು ಇರಲಿಲ್ಲ. ಹಿಂದೆಯೇ ಫೋನು ಬಂತು, ದನಿ ನಡುಗುತ್ತಿತ್ತು: ‘ಭಾವ, ಸಿಕ್ಕಿತೇ?’